ಸಾಫ್ಟ್‌ವೇರ್ ಬರುವ ಮುಂಚೆ ರಿಜಿಸ್ಟರ್ ಎಣಿಸಿ

ಪ್ರಶ್ನೆ: ನಾನು ಜಿಲ್ಲಾ ಕೇಂದ್ರವೊಂದರ 150 ಹಾಸಿಗೆಯ ಟ್ರಸ್ಟ್ ಆಸ್ಪತ್ರೆಯಲ್ಲಿದ್ದೇನೆ. ಬಹಳ ವರ್ಷ ವಾರ್ಡ್‌ನಲ್ಲಿ ದುಡಿದು ಈ ವರ್ಷ ನರ್ಸಿಂಗ್ ಸೂಪರಿಂಟೆಂಡೆಂಟ್ ಆದೆ. ಆಡಳಿತದವರು ಎನ್‌ಎಬಿಎಚ್ (ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಗೆ ಹೊರಟಿದ್ದಾರೆ. ನರ್ಸಿಂಗ್ ದಾಖಲೆಯೆಲ್ಲ ಕಂಪ್ಯೂಟರ್‌ಗೆ ಬರಬೇಕು, ಡ್ಯೂಟಿ ಬದಲಾಗುವಾಗ ಹ್ಯಾಂಡೋವರ್ (ಮುಂದಿನವರಿಗೆ ರೋಗಿಗಳ ವಿಷಯ ಒಪ್ಪಿಸುವುದು) ರೋಗಿಯ ಹಾಸಿಗೆ ಪಕ್ಕದಲ್ಲೇ ಆಗಬೇಕು ಅಂದಿದ್ದಾರೆ. ಕೊಟ್ಟಿರುವ ಸಮಯ ಒಂದು ತಿಂಗಳು. ಸೀನಿಯರ್ ಸಿಸ್ಟರ್‌ಗಳು "ಇಂಥವು ಬಹಳ ನೋಡಿದ್ದೀವಿ, ನಾಲ್ಕು ದಿನ ಇರುತ್ತೆ, ಹೋಗುತ್ತೆ" ಅಂತಾರೆ. ಹೊಸಬರು ಬೇಗ ಕಲಿಯುತ್ತಾರೆ, ಆದರೆ ಸ್ವಲ್ಪ ಅನುಭವ ಆದ ಕೂಡಲೇ ಗಲ್ಫ್‌ಗೆ ಹೊರಡುತ್ತಾರೆ. ಡಾಕ್ಟರ್‌ಗಳು ಈಗಲೂ ಫೋನಿನಲ್ಲೇ ಆರ್ಡರ್ ಹೇಳುತ್ತಾರೆ. ನಿವೃತ್ತಿ ಹತ್ತಿರ ಇರುವ ಒಬ್ಬರು ಇನ್‌ಚಾರ್ಜ್ ಅಂತೂ ಕಂಪ್ಯೂಟರ್ ಮುಟ್ಟುವುದೇ ಇಲ್ಲ ಅಂದಿದ್ದಾರೆ. ಇವರನ್ನೆಲ್ಲ ಒಪ್ಪಿಸುವುದು ಹೇಗೆ?

ಉತ್ತರ: ಸಿಸ್ಟರ್, ಒಪ್ಪಿಸುವ ಮಾತು ಆಮೇಲೆ. ಮೊದಲು ನಿಮ್ಮ ತಲೆ ಮೇಲೆ ಹೊರಿಸಿರುವುದನ್ನು ಬಿಡಿಸಿ ನೋಡೋಣ. ಅಲ್ಲಿರುವುದು ಎರಡು ಬದಲಾವಣೆ. ಕಂಪ್ಯೂಟರ್ ಒಂದು, ಹ್ಯಾಂಡೋವರ್ ಇನ್ನೊಂದು. ಎರಡನ್ನೂ ಒಂದೇ ತಿಂಗಳಲ್ಲಿ ಶುರು ಮಾಡಿದರೆ ಯಾವುದು ಎಲ್ಲಿ ಕೆಟ್ಟಿತು ಅಂತ ನಿಮಗೇ ಗೊತ್ತಾಗುವುದಿಲ್ಲ. ವಾರ್ಡ್‌ನವರಿಗಂತೂ ಎರಡೂ ಸೇರಿ ಒಂದೇ ದೊಡ್ಡ ಕಾಟದ ಹಾಗೆ ಕಾಣುತ್ತದೆ.

ನನ್ನನ್ನು ಕೇಳಿದರೆ ಹ್ಯಾಂಡೋವರ್ ಮೊದಲು ಮಾಡಿ. ಅದಕ್ಕೆ ದುಡ್ಡು ಬೇಡ, ವೈರಿಂಗ್ ಬೇಡ, ಕಂಪನಿಯವರು ಬರಬೇಕಾಗಿಲ್ಲ. ಸರಿ ಹೋಗಲಿಲ್ಲ ಅಂದರೆ ಮರುದಿನವೇ ತಿದ್ದಬಹುದು. ಅದಕ್ಕಿಂತ ಮುಖ್ಯವಾಗಿ, ಅದರ ಲಾಭ ನರ್ಸ್‌ಗೇ ಮೊದಲು ಸಿಗುತ್ತದೆ. ಡ್ರಿಪ್ ಎಷ್ಟು ಉಳಿದಿದೆ, ಕ್ಯಾನುಲಾ (ಡ್ರಿಪ್ ಸೂಜಿ) ಹಾಕಿದ ಕೈ ಊದಿದೆಯಾ, ಯೂರೋಬ್ಯಾಗ್ (ಮೂತ್ರದ ಚೀಲ) ಖಾಲಿ ಮಾಡಿದ್ದಾರಾ, ಇದೆಲ್ಲ ಇಬ್ಬರೂ ನಿಂತು ನೋಡಿದ ಮೇಲೆ "ನನ್ನ ಡ್ಯೂಟಿಯಲ್ಲಿ ಸರಿಯಾಗೇ ಇತ್ತು" ಅನ್ನುವ ಜಗಳವೇ ಏಳುವುದಿಲ್ಲ. ನೈಟ್ ಮುಗಿಸಿ ಮನೆಗೆ ಹೋದವರಿಗೆ ಹತ್ತು ಗಂಟೆಗೆ ಫೋನ್ ಮಾಡಿ ಎಬ್ಬಿಸುವುದೂ ಕಡಿಮೆಯಾಗುತ್ತದೆ. ಬೇರೆ ಯಾವ ಭಾಷಣಕ್ಕಿಂತಲೂ ಇದು ಜಾಸ್ತಿ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ ಮಾತ್ರ ಇರಲಿ. ಜನರಲ್ ವಾರ್ಡ್‌ನಲ್ಲಿ ಒಬ್ಬ ರೋಗಿಯ ಸುತ್ತ ನಾಲ್ಕು ಜನ ನೆಂಟರು, ಪಕ್ಕದ ಹಾಸಿಗೆಯವರ ಕಿವಿಯೂ ಇತ್ತಲೇ ಇರುತ್ತದೆ. ಎಚ್‌ಐವಿ, ಗರ್ಭಪಾತ, ವಿಷ ಕುಡಿದ ಕೇಸು, ಇನ್ನೂ ಖಚಿತವಾಗದ ಕ್ಯಾನ್ಸರ್ ರಿಪೋರ್ಟ್, ಇಂಥದ್ದನ್ನು ಅಲ್ಲಿ ನಿಂತು ಹೇಳಬಾರದು. ಎಚ್‌ಐವಿ ವಿಷಯದಲ್ಲಿ 2017ರ ಕಾಯ್ದೆಯೇ ಇದೆ, ಗುಟ್ಟು ಕಾಯುವುದು ಆಸ್ಪತ್ರೆಯ ಜವಾಬ್ದಾರಿ. ಹಾಗಾಗಿ ಸೂಕ್ಷ್ಮವಾದದ್ದನ್ನು ಡೆಸ್ಕ್‌ನಲ್ಲಿ ಮೊದಲೇ ಹೇಳಿ ಮುಗಿಸಿ, ಕಣ್ಣಿಂದ ನೋಡಬೇಕಾದದ್ದಕ್ಕೆ ಮಾತ್ರ ಹಾಸಿಗೆ ಹತ್ತಿರ ಹೋಗಿ. ನಿಮ್ಮ ಸೀನಿಯರ್‌ಗಳು ಬಹುಶಃ ಈ ಆಕ್ಷೇಪವನ್ನೂ ಎತ್ತಿರುತ್ತಾರೆ. ಎತ್ತಿದ್ದರೆ ಅವರು ಹೇಳಿದ್ದು ಸರಿ ಅಂತ ಎಲ್ಲರ ಎದುರಿಗೇ ಒಪ್ಪಿಕೊಳ್ಳಿ.

ಇನ್ನು "ಒಪ್ಪುತ್ತಿಲ್ಲ" ಅನ್ನುವ ದೂರಿಗೆ ಬರೋಣ. ನರ್ಸ್‌ಗಳು ಬದಲಾವಣೆಗೆ ವಿರೋಧಿಗಳು ಅನ್ನುವುದನ್ನು ನಾನು ನಂಬುವುದಿಲ್ಲ. ಗಾಜಿನ ಸಿರಿಂಜ್ ಕುದಿಸುತ್ತಿದ್ದವರು ಡಿಸ್ಪೋಸಬಲ್ ಬಂದಾಗ ಯಾರೂ ಧರಣಿ ಕೂರಲಿಲ್ಲ. ಪಾದರಸದ ಬಿಪಿ ಯಂತ್ರ ಹೋಗಿ ಡಿಜಿಟಲ್ ಬಂದಾಗಲೂ ಅಷ್ಟೇ. ಕೆಲಸ ಹಗುರ ಮಾಡುವುದನ್ನು ವಾರ್ಡ್ ಬೇಗ ತೆಗೆದುಕೊಳ್ಳುತ್ತದೆ. ಹಳೆಯದರ ಮೇಲೆ ಹೊಸದನ್ನು ಹೇರುವುದನ್ನು ಮಾತ್ರ ತಳ್ಳುತ್ತದೆ, ಅಥವಾ "ಆಯ್ತು ಮೇಡಂ" ಅಂದು ಮಾಡದೇ ಇರುತ್ತದೆ. ಎರಡನೆಯದೇ ಜಾಸ್ತಿ ಅಪಾಯ.

ಅದಕ್ಕೇ ಒಂದು ಕೆಲಸ ಮಾಡಿ. ಒಂದು ವಾರ್ಡ್‌ನಲ್ಲಿ ಒಂದು ಬೆಳಗಿನ ಡ್ಯೂಟಿ ಪೂರ್ತಿ ಒಬ್ಬ ನರ್ಸ್ ಜೊತೆ ಕೂತು ನೋಡಿ. ಒಬ್ಬ ರೋಗಿಯ ಒಂದು ಬಿಪಿ ರೀಡಿಂಗ್ ಎಷ್ಟು ಕಡೆ ಬರೆಯಲಾಗುತ್ತಿದೆ ಅಂತ ಗುರುತು ಹಾಕಿಕೊಳ್ಳಿ. ಟಿಪಿಆರ್ (ಜ್ವರ, ನಾಡಿ, ಉಸಿರಾಟದ) ಚಾರ್ಟ್‌ನಲ್ಲಿ ಒಮ್ಮೆ. ನರ್ಸಸ್ ನೋಟ್ಸ್‌ನಲ್ಲಿ ಒಮ್ಮೆ. ಡಾಕ್ಟರ್ ರೌಂಡ್ಸ್‌ಗೆ ಅಂತ ಚೀಟಿಯಲ್ಲಿ ಒಮ್ಮೆ. ರಿಪೋರ್ಟ್ ಬುಕ್‌ನಲ್ಲಿ ಇನ್ನೊಮ್ಮೆ. ಇದರ ಜೊತೆಗೆ ಸಾಮಾನು ಕೇಳುವ ಇಂಡೆಂಟ್ ಬುಕ್, ಡಯಟ್ ರಿಜಿಸ್ಟರ್, ರೋಗಿಗಳ ಸಂಖ್ಯೆಯ ಸೆನ್ಸಸ್, ಸ್ಯಾಂಪಲ್ ಕಳಿಸಿದ ಪುಸ್ತಕ, ಲಿನನ್ ಪುಸ್ತಕ, ಫ್ರಿಜ್ ಟೆಂಪರೇಚರ್ ಹಾಳೆ. ಈಗ ಇದರ ಮೇಲೆ ಕಂಪ್ಯೂಟರ್. ಸೀನಿಯರ್ ಸಿಸ್ಟರ್ ಗೊಣಗುವುದು ಸುಮ್ನೆ ಅಲ್ಲ.

ಈ ಎಣಿಕೆಯನ್ನು ಹಿಡಿದುಕೊಂಡು ಇನ್‌ಚಾರ್ಜ್‌ಗಳನ್ನೆಲ್ಲ ಕೂರಿಸಿ. "ಕಂಪ್ಯೂಟರ್ ಬಂದ ದಿನದಿಂದ ಇದರಲ್ಲಿ ಯಾವುದನ್ನು ನಿಲ್ಲಿಸಬಹುದು?" ಅಂತ ಕೇಳಿ. ಒಬ್ಬರೂ ಸುಮ್ಮನೆ ಕೂರುವುದಿಲ್ಲ, ನೋಡಿ. ಯಾವ ರಿಜಿಸ್ಟರ್ ಯಾವ ಕಾಲದಲ್ಲಿ ಯಾವ ಡಾಕ್ಟರ್ ಕೇಳಿದ್ದಕ್ಕೆ ಶುರುವಾಯಿತು, ಆ ಡಾಕ್ಟರ್ ಬಿಟ್ಟುಹೋಗಿ ಎಷ್ಟು ವರ್ಷ ಆಯಿತು, ಇದೆಲ್ಲ ಗೊತ್ತಿರುವುದು ಆ ಹಿರಿಯರಿಗೆ ಮಾತ್ರ. ತೆಗೆಯುವ ಪಟ್ಟಿಯನ್ನು ಅವರ ಕೈಯಿಂದಲೇ ಬರೆಸಿ. ಆಮೇಲೆ ಅದನ್ನು ಮೆಡಿಕಲ್ ಸೂಪರಿಂಟೆಂಡೆಂಟ್ ಮತ್ತು ಕ್ವಾಲಿಟಿ ವಿಭಾಗದವರ ಹತ್ತಿರ ಒಯ್ದು ಸಹಿ ಮಾಡಿಸಿ. "ಎನ್‌ಎಬಿಎಚ್‌ಗೆ ಬೇಕು" ಅಂತ ಯಾರಾದರೂ ಹೇಳಿದರೆ ಯಾವ ಮಾನದಂಡ ಅಂತ ತೋರಿಸಲು ಹೇಳಿ. ದಾಖಲೆ ಇರಬೇಕು ಅಂತ ಅದು ಕೇಳುತ್ತದೆ. ಒಂದೇ ಸಂಗತಿ ನಾಲ್ಕು ಪುಸ್ತಕದಲ್ಲಿರಲಿ ಅಂತ ಎಲ್ಲೂ ಕೇಳುವುದಿಲ್ಲ.

ಕಾನೂನಿಗೆ ಬೇಕಾದ ರಿಜಿಸ್ಟರ್‌ಗಳನ್ನು, ಉದಾಹರಣೆಗೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಕೇಸು) ಮತ್ತು ನಾರ್ಕೋಟಿಕ್ ಔಷಧಿಯದ್ದು, ಮುಟ್ಟಬೇಡಿ. ಉಳಿದದ್ದರಲ್ಲಿ ಧಾರಾಳವಾಗಿ ಕತ್ತರಿ ಆಡಿಸಿ.

ಹೇರಿದ ಬದಲಾವಣೆ ಮತ್ತು ವಾರ್ಡ್‌ನವರೇ ಕಟ್ಟಿಕೊಂಡ ಬದಲಾವಣೆ ಎಷ್ಟು ಬೇರೆ ಅನ್ನುವುದಕ್ಕೆ ಚೆಕ್‌ಲಿಸ್ಟ್‌ಗಳ ಕಥೆ ನೋಡಬೇಕು. ನಿಮ್ಮ ಆಡಳಿತದವರಿಗೂ ಇದನ್ನೇ ಹೇಳಿ. ಅಂಕಿ ಇದ್ದರೆ ಅವರು ಕಿವಿ ಕೊಡುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಯ ಆಪರೇಷನ್ ಚೆಕ್‌ಲಿಸ್ಟ್ ನಿಮಗೆ ಗೊತ್ತೇ ಇದೆ, ಅದರಲ್ಲಿ 19 ಅಂಶ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದರು. 2009ರಲ್ಲಿ ಫಲಿತಾಂಶ ಬಂತು. ಆಪರೇಷನ್ ನಂತರದ ಸಾವು ಶೇ 1.5ರಿಂದ ಶೇ 0.8ಕ್ಕೆ ಇಳಿದಿತ್ತು. ಜಗತ್ತೆಲ್ಲ ಅದರ ಹಿಂದೆ ಬಿತ್ತು. ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ ಸರ್ಕಾರವೇ ಆಸ್ಪತ್ರೆಗಳಿಂದ ಅದರ ಲೆಕ್ಕ ಕೇಳತೊಡಗಿತು. ಎಲ್ಲರೂ "ಮಾಡುತ್ತಿದ್ದೇವೆ" ಅಂತ ವರದಿ ಕೊಟ್ಟರು. 2014ರಲ್ಲಿ ಅಲ್ಲಿನ 101 ಆಸ್ಪತ್ರೆಗಳ ಲೆಕ್ಕ ತೆಗೆದಾಗ ಸಾವಿನಲ್ಲಾಗಲಿ ತೊಡಕುಗಳಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಳೆ ಅದೇ, ಟಿಕ್ ಗುರುತೂ ಅದೇ. ಇದು ಏಕೆ ಹೀಗಾಯಿತು ಅನ್ನುವ ಚರ್ಚೆ ದೊಡ್ಡದು. ವಾರ್ಡ್ ಕಂಡವರಿಗೆ ಮಾತ್ರ ಒಂದು ಊಹೆ ಸಲೀಸಾಗಿ ಹೊಳೆಯುತ್ತದೆ: ಮೇಲಿನವರು ಲೆಕ್ಕ ಕೇಳಿದಾಗ ಕೆಳಗಿನವರು ಲೆಕ್ಕವನ್ನೇ ಕೊಡುತ್ತಾರೆ.

ನಮ್ಮ ಮನೆಗೇ ಹತ್ತಿರದ ಉದಾಹರಣೆ ಇನ್ನೊಂದಿದೆ. ಹೆರಿಗೆ ಕೋಣೆಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಚೆಕ್‌ಲಿಸ್ಟ್‌ನ ಮೊದಲ ಪ್ರಯೋಗಗಳಲ್ಲಿ ಒಂದು ನಡೆದದ್ದು ಕರ್ನಾಟಕದಲ್ಲೇ, ಜಿಲ್ಲೆಗಿಂತ ಕೆಳಗಿನ ಮಟ್ಟದ ಒಂದು ಹೆರಿಗೆ ಕೇಂದ್ರದಲ್ಲಿ. ಪ್ರತಿ ಹೆರಿಗೆಗೆ ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ನಡೆಯುತ್ತಿದ್ದವು. ಚೆಕ್‌ಲಿಸ್ಟ್ ತಂದ ಮೇಲೆ 25 ನಡೆದವು. 2012ರಲ್ಲಿ ಇದು ಪ್ರಕಟವಾಯಿತು. ಇದೇ ವಿಚಾರವನ್ನು ಆಮೇಲೆ ಉತ್ತರ ಪ್ರದೇಶದ 24 ಜಿಲ್ಲೆಗಳಿಗೆ, 120 ಕೇಂದ್ರಗಳಿಗೆ ಒಯ್ದರು. ತರಬೇತಿ ಪಡೆದ ನರ್ಸ್‌ಗಳೇ ಕೋಚ್ ಆಗಿ ಎಂಟು ತಿಂಗಳು ಕೇಂದ್ರಗಳಿಗೆ ಓಡಾಡಿದರು. ಎರಡು ತಿಂಗಳಿಗೆ ನೋಡಿದಾಗ ಕೋಚ್ ಬರುತ್ತಿದ್ದ ಕಡೆ ಶೇ 73ರಷ್ಟು ಕೆಲಸಗಳು ಆಗುತ್ತಿದ್ದವು, ಬಾರದ ಕಡೆ ಶೇ 42. ಓಡಾಟ ನಿಂತ ಮೇಲೆ, ಹನ್ನೆರಡನೇ ತಿಂಗಳಲ್ಲಿ, ಅದು ಶೇ 62ಕ್ಕೆ ಜಾರಿತ್ತು. 2017ರಲ್ಲಿ ಬಂದ ಕೊನೆಯ ಫಲಿತಾಂಶದಲ್ಲಿ ತಾಯಿ ಮಗುವಿನ ಸಾವು ಮತ್ತು ತೀವ್ರ ತೊಂದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಕೋಚಿಂಗ್‌ನಿಂದ ಕೆಲಸ ಸುಧಾರಿಸಿತು. ಆದರೆ ಬರೀ ಅಷ್ಟರಿಂದ ಜೀವ ಉಳಿಯುವ ಲೆಕ್ಕ ಬದಲಾಗಲಿಲ್ಲ.

ನಿಮಗೆ ಇದರಲ್ಲಿ ಬೇಕಾದದ್ದು ಶೇ 73 ಮತ್ತು ಶೇ 62ರ ನಡುವಿನ ಅಂತರ. ಯಾರೋ ಬಂದು ಪಕ್ಕದಲ್ಲಿ ನಿಂತು ನೋಡುತ್ತಿದ್ದಾಗ ಕೆಲಸ ಮೇಲೇರಿತು, ಬರುವುದು ನಿಂತಾಗ ಇಳಿಯಿತು. ನರ್ಸಿಂಗ್ ಮ್ಯಾನೇಜ್‌ಮೆಂಟ್ ಪೇಪರ್‌ಗೆ ಮನಶ್ಶಾಸ್ತ್ರಜ್ಞ ಕರ್ಟ್ ಲೆವಿನ್ ಅವರ ಮೂರು ಹಂತ ಬಾಯಿಪಾಠ ಮಾಡಿದ್ದೀರಲ್ಲ, ಗಟ್ಟಿಯಾದದ್ದನ್ನು ಕರಗಿಸು, ಬದಲಾಯಿಸು, ಮತ್ತೆ ಗಟ್ಟಿ ಮಾಡು ಅಂತ 1947ರಲ್ಲಿ ಬರೆದದ್ದು? ಪರೀಕ್ಷೆಯಲ್ಲಿ ಮೂರಕ್ಕೂ ಸಮ ಅಂಕ. ವಾರ್ಡ್‌ನಲ್ಲಿ ನೋಡಿದರೆ ಮೊದಲ ಎರಡಕ್ಕೆ ಸಭೆ, ಬ್ಯಾನರ್, ಕೇಕ್ ಎಲ್ಲ ಇರುತ್ತದೆ, ಮೂರನೆಯದಕ್ಕೆ ಯಾರ ಡ್ಯೂಟಿಯೂ ಹಾಕಿರುವುದಿಲ್ಲ. ನಿಮ್ಮ ಸೀನಿಯರ್‌ಗಳು "ನಾಲ್ಕು ದಿನ ಇರುತ್ತೆ" ಅನ್ನುವುದು ಅನುಭವದ ಮಾತು. ಅವರು ನೋಡಿದ ಬದಲಾವಣೆಗಳೆಲ್ಲ ನಿಜವಾಗಿ ನಾಲ್ಕೇ ದಿನ ಇದ್ದವು.

ಡಾಕ್ಟರ್‌ಗಳ ವಿಷಯ. ಇದನ್ನು ನೀವೊಬ್ಬರೇ ಸರಿ ಮಾಡಲು ಹೋಗಬೇಡಿ. ಆಗುವುದಿಲ್ಲ. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 2004ರಲ್ಲಿ ಐಸಿಯುಗಳ ಸೆಂಟ್ರಲ್ ಲೈನ್ (ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆ) ಸೋಂಕು ಇಳಿಸಲು ದೊಡ್ಡ ಪ್ರಯತ್ನ ನಡೆಯಿತು, 103 ಐಸಿಯುಗಳ ಲೆಕ್ಕ ಬಂತು. ಮಾಡಬೇಕಾದದ್ದು ಐದೇ ಕೆಲಸ: ಕೈ ತೊಳೆಯುವುದು, ರೋಗಿಯ ಮೇಲೆ ಪೂರ್ತಿ ಡ್ರೇಪ್ (ಸೋಂಕಿಲ್ಲದ ಬಟ್ಟೆ) ಹಾಕುವುದು, ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕದಿಂದ ಚರ್ಮ ಒರೆಸುವುದು, ತೊಡೆಸಂದಿಯ ಲೈನ್ ಸಾಧ್ಯವಾದಷ್ಟು ಬಿಡುವುದು, ಬೇಡದ ಲೈನ್ ಬೇಗ ತೆಗೆಯುವುದು. ಇದರಲ್ಲಿ ಯಾವುದೂ ಹೊಸ ವಿದ್ಯೆ ಅಲ್ಲ. ಹೊಸದು ಎರಡು ವ್ಯವಸ್ಥೆಗಳು. ಬೇಕಾದ ಸಾಮಾನೆಲ್ಲ ಒಂದೇ ಟ್ರಾಲಿಯಲ್ಲಿ ಸಿಗುವ ಹಾಗೆ ಮಾಡಿದರು. ತುರ್ತು ಇಲ್ಲದ ಕಡೆ ಡಾಕ್ಟರ್ ಒಂದು ಹೆಜ್ಜೆ ತಪ್ಪಿಸಿದರೆ ನರ್ಸ್ ಅಲ್ಲೇ ತಡೆಯಬಹುದು ಅಂತ ಅಧಿಕಾರ ಕೊಟ್ಟರು. ಮೂರು ತಿಂಗಳಲ್ಲಿ ಕನಿಷ್ಠ ಅರ್ಧದಷ್ಟು ಐಸಿಯುಗಳಲ್ಲಿ ಆ ಸೋಂಕು ಸೊನ್ನೆಗೆ ಬಂತು.

ನಮ್ಮಲ್ಲಿ 23 ವಯಸ್ಸಿನ ಒಬ್ಬ ನರ್ಸ್ "ಸರ್, ಕೈ ತೊಳೀರಿ" ಅನ್ನಬೇಕಾದರೆ ಅವಳ ಹಿಂದೆ ಯಾರಿದ್ದಾರೆ ಅಂತ ಗೊತ್ತಿರಬೇಕು. ಹಾಗಾಗಿ ಫೋನ್ ಆರ್ಡರ್ ಬಗ್ಗೆ ಒಂದು ಸುತ್ತೋಲೆ ಮೆಡಿಕಲ್ ಸೂಪರಿಂಟೆಂಡೆಂಟ್ ಸಹಿಯಲ್ಲೇ ಹೊರಡಲಿ, ನಿಮ್ಮ ಸಹಿಯಲ್ಲಿ ಬೇಡ. ತುರ್ತಿನಲ್ಲಿ ಮಾತ್ರ ಫೋನ್ ಆರ್ಡರ್. ನರ್ಸ್ ಬರೆದುಕೊಂಡು ಓದಿ ಹೇಳಬೇಕು, ಡಾಕ್ಟರ್ "ಹೌದು" ಅನ್ನಬೇಕು. ಇಂತಿಷ್ಟು ಗಂಟೆಯೊಳಗೆ ಬಂದು ಎಂಟ್ರಿ ಮಾಡಬೇಕು. ಮಾಡದಿದ್ದರೆ ಯಾರು ಯಾರಿಗೆ ತಿಳಿಸಬೇಕು ಅನ್ನುವುದೂ ಅದರಲ್ಲೇ ಇರಲಿ. ನರ್ಸ್ ತನ್ನ ಲಾಗಿನ್‌ನಿಂದ ಡಾಕ್ಟರ್ ಆರ್ಡರ್ ಹಾಕುವಂತಿಲ್ಲ, ಡಾಕ್ಟರ್ ಪಾಸ್‌ವರ್ಡ್ ನರ್ಸ್ ಹತ್ತಿರ ಇರುವಂತಿಲ್ಲ. ಪಾಸ್‌ವರ್ಡ್ ಹಂಚಿಕೊಳ್ಳುವುದು ಮೊದಲ ವಾರವೇ ಶುರುವಾಗುತ್ತದೆ. ಆಮೇಲೆ ಒಂದು ತಪ್ಪು ನಡೆದಾಗ ಪರದೆಯ ಮೇಲೆ ಯಾರ ಹೆಸರಿದೆಯೋ ಅವರೇ ಹೊಣೆ.

ಈಗ ಕಂಪ್ಯೂಟರ್. ಇಲ್ಲಿ ಒಂದು ಎಚ್ಚರಿಕೆಯ ಕಥೆ ಹೇಳಲೇಬೇಕು. ಅಮೆರಿಕದ ಪಿಟ್ಸ್‌ಬರ್ಗ್‌ನ ಮಕ್ಕಳ ಆಸ್ಪತ್ರೆ 2002ರಲ್ಲಿ ಆರ್ಡರ್‌ಗಳನ್ನೆಲ್ಲ ಕಂಪ್ಯೂಟರ್‌ಗೆ ತಂದಿತು, ಅದೂ ಬಹಳ ಕಡಿಮೆ ದಿನಗಳಲ್ಲಿ. ಬೇರೆ ಕಡೆಯಿಂದ ತೀರಾ ಕಾಯಿಲೆಯಾಗಿ ಬರುವ ಮಕ್ಕಳಿಗೆ ಮೊದಲೆಲ್ಲ ಆಂಬುಲೆನ್ಸ್ ದಾರಿಯಲ್ಲಿರುವಾಗಲೇ ಆರ್ಡರ್ ಬರೆದು ಔಷಧಿ ಸಿದ್ಧ ಮಾಡಿಡುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ಮಗು ಬಂದು ನೋಂದಣಿ ಆಗುವ ತನಕ ಆರ್ಡರ್ ಹಾಕಲು ಆಗುತ್ತಿರಲಿಲ್ಲ. ಮಗುವಿನ ಹತ್ತಿರ ಇರಬೇಕಾದವರು ಪರದೆ ಮುಂದೆ ಕೂರಬೇಕಾಯಿತು. ಹಾಗೆ ಬಂದ ಮಕ್ಕಳಲ್ಲಿ ಸಾವು ಶೇ 2.8 ಇದ್ದದ್ದು ಶೇ 6.6ರ ಹತ್ತಿರ ಹೋಯಿತು ಅಂತ 2005ರ ಅಧ್ಯಯನ ಹೇಳಿತು. ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲೂ ಇಂಥದ್ದೇ ವ್ಯವಸ್ಥೆ ತಂದರು. ಮೊದಲೇ ಸಾಮಾನ್ಯ ಆರ್ಡರ್‌ಗಳನ್ನು ಗುಂಪಾಗಿ ಸಿದ್ಧ ಮಾಡಿಟ್ಟುಕೊಂಡಿದ್ದರು. ಅಲ್ಲಿ ಸಾವು ಏರಲಿಲ್ಲ. ಯಂತ್ರಕ್ಕಿಂತ ವಾರ್ಡ್‌ನ ಕೆಲಸದ ಹರಿವು ಮುಖ್ಯ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ನಿಮ್ಮಲ್ಲಿ ಹೀಗೆ ಮಾಡಿ. ಒಂದೇ ವಾರ್ಡ್‌ನಿಂದ ಶುರು ಮಾಡಿ. ಐಸಿಯು ಬೇಡ, ಕ್ಯಾಶುವಾಲ್ಟಿ ಬೇಡ. ನಿಮ್ಮ ಅತಿ ಚುರುಕಾದ ವಾರ್ಡೂ ಬೇಡ, ಅಲ್ಲಿ ಗೆದ್ದರೆ "ಅವರಿಗೇನು, ಅವರು ಹೇಗೂ ಮಾಡ್ತಾರೆ" ಅಂತಾರೆ. ಸಾಧಾರಣ ವಾರ್ಡ್, ಆದರೆ ಗಟ್ಟಿ ಇನ್‌ಚಾರ್ಜ್ ಇರುವುದು ಸಾಕು. ಡೆಂಗಿ ಜ್ವರದ ಮಳೆಗಾಲದಲ್ಲಿ, ಅರ್ಧ ಸ್ಟಾಫ್ ರಜೆ ಕೇಳುವ ಹಬ್ಬದ ವಾರದಲ್ಲಿ ಶುರು ಮಾಡಬೇಡಿ. ಮೊದಲ ಎರಡು ವಾರ ಆ ವಾರ್ಡ್‌ಗೆ ಪ್ರತಿ ಶಿಫ್ಟ್‌ಗೂ ಒಬ್ಬರು ಹೆಚ್ಚುವರಿ ಬೇಕು, ಬೇರೆ ವಾರ್ಡ್‌ನಿಂದ ಕಿತ್ತು ಕೊಡುವುದಲ್ಲ. ಇದನ್ನು ಆಡಳಿತದವರು ಒಪ್ಪದಿದ್ದರೆ ತಾರೀಖನ್ನೇ ಮುಂದೆ ಹಾಕಿ.

ತರಬೇತಿ ಡ್ಯೂಟಿ ಸಮಯದಲ್ಲೇ ನಡೆಯಲಿ. ನೈಟ್ ಮುಗಿಸಿದವರನ್ನು ಬೆಳಿಗ್ಗೆ ಕ್ಲಾಸ್‌ಗೆ ಕೂರಿಸಿದರೆ ಅವರು ಕಲಿಯುವುದು ನಿಮ್ಮ ಮೇಲಿನ ಸಿಟ್ಟನ್ನು ಮಾತ್ರ. ಕಂಪನಿಯ ಹುಡುಗರು ಹಗಲು ಇರುತ್ತಾರೆ, ಸಂಜೆ ಹೊರಡುತ್ತಾರೆ. ಆದರೆ ಪರದೆ ಸ್ತಬ್ಧವಾಗುವುದು ರಾತ್ರಿ ಎರಡು ಗಂಟೆಗೇ. ಹಾಗಾಗಿ ನೈಟ್‌ಗೆ ಒಬ್ಬರು ಗೊತ್ತಿರುವವರು ಇದ್ದೇ ಇರುವ ಹಾಗೆ ರೋಸ್ಟರ್ ಹಾಕಿ. ಕರೆಂಟ್ ಹೋದರೆ, ನೆಟ್ ಹೋದರೆ ಬರೆಯಲು ಒಂದು ಹಾಳೆಯ ಫಾರಂ ಪ್ರತಿ ವಾರ್ಡ್‌ನಲ್ಲಿ ಇರಲಿ. ಸ್ವಲ್ಪ ದಿನ ಕಾಗದ ಮತ್ತು ಕಂಪ್ಯೂಟರ್ ಎರಡೂ ನಡೆಯಬೇಕಾಗುತ್ತದೆ, ತಪ್ಪಿಸಲು ಆಗುವುದಿಲ್ಲ. ಆದರೆ ಕಾಗದ ನಿಲ್ಲುವ ತಾರೀಖನ್ನು ಮೊದಲ ದಿನವೇ ಗೋಡೆ ಮೇಲೆ ಹಾಕಿ. ತಾರೀಖಿಲ್ಲದ "ಸ್ವಲ್ಪ ದಿನ" ವರ್ಷಗಟ್ಟಲೆ ನಡೆಯುವುದನ್ನು ನಾನು ನೋಡಿದ್ದೇನೆ.

ಗಲ್ಫ್‌ಗೆ ಹೋಗುವವರನ್ನು ನೀವು ತಡೆಯಲಾರಿರಿ, ಅವರ ಸಂಬಳದ ಲೆಕ್ಕ ನಿಮ್ಮ ಕೈಯಲ್ಲಿಲ್ಲ. ಅವರ ಬೆರಳುಗಳು ಕೀಲಿಮಣೆಯಲ್ಲಿ ಓಡುತ್ತವೆ ಅಂತ ಎಲ್ಲ ಎಂಟ್ರಿ ಅವರಿಗೇ ಬಿಟ್ಟರೆ ಅವರು ಹೊರಟ ದಿನ ವಾರ್ಡ್ ನಿಂತುಹೋಗುತ್ತದೆ. ಒಬ್ಬ ಹೊಸಬರು, ಒಬ್ಬ ಹಿರಿಯರು ಅಂತ ಜೋಡಿ ಮಾಡಿ. ಹೊಸಬರು ಪರದೆ ಕಲಿಸಲಿ. ಹಿರಿಯರು ರೋಗಿಯನ್ನು ನೋಡುವುದು ಕಲಿಸಲಿ. ವಾರ್ಡ್‌ನಲ್ಲಿ ಎಲ್ಲರಿಗೂ ಬಿಪಿ 120/80, ಪಲ್ಸ್ 80 ಅಂತ ಕಾಪಿ ಆಗಿರುವುದನ್ನು ಕಂಡುಹಿಡಿಯುವುದು ಆ ಹಿರಿಯ ಕಣ್ಣೇ.

ಆಮೇಲೆ ಏನನ್ನು ಅಳೆಯಬೇಕು? ಎಷ್ಟು ಎಂಟ್ರಿ ಆಗಿದೆ ಅನ್ನುವುದನ್ನು ಅಳೆಯಬೇಡಿ, ಅದು ಒಂಟಾರಿಯೋ ದಾರಿ. ಎರಡು ಸಂಗತಿ ಸಾಕು. ಡ್ಯೂಟಿ ಮುಗಿದ ಮೇಲೆ ನರ್ಸ್‌ಗಳು ಎಷ್ಟು ಹೊತ್ತು ಉಳಿಯುತ್ತಿದ್ದಾರೆ? ಔಷಧಿ ಕೊಟ್ಟ ಸಮಯಕ್ಕೂ ದಾಖಲಿಸಿದ ಸಮಯಕ್ಕೂ ಎಷ್ಟು ಅಂತರ? ಮೊದಲನೆಯದು ಜಾಸ್ತಿ ಆಗುತ್ತಿದ್ದರೆ ನಿಮ್ಮ ಬದಲಾವಣೆ ಅವರ ಮನೆಯ ಸಮಯವನ್ನು ತಿನ್ನುತ್ತಿದೆ. ಎರಡನೆಯದು ಜಾಸ್ತಿ ಇದ್ದರೆ ಅವರು ಡ್ಯೂಟಿ ಕೊನೆಗೆ ಕೂತು ಎಲ್ಲವನ್ನೂ ಒಟ್ಟಿಗೆ ತುಂಬುತ್ತಿದ್ದಾರೆ. ಎರಡಕ್ಕೂ ಬೈದರೆ ಪ್ರಯೋಜನ ಇಲ್ಲ, ಕಂಪ್ಯೂಟರ್ ಹಾಸಿಗೆಯಿಂದ ಎಷ್ಟು ದೂರ ಇದೆ ಅಂತ ಹೋಗಿ ನೋಡಿ. ವಾರಕ್ಕೊಮ್ಮೆಯಾದರೂ ನೈಟ್‌ನಲ್ಲಿ ಹೋಗಿ. ಆರು ತಿಂಗಳ ಈ ರೌಂಡ್ಸನ್ನು ನಿಮ್ಮ ಡೈರಿಯಲ್ಲಿ ಈಗಲೇ ಬರೆದಿಡಿ. ಎನ್‌ಎಬಿಎಚ್ ಅಸೆಸರ್ ಬಂದುಹೋದ ಮೇಲಿನ ತಿಂಗಳುಗಳನ್ನೂ ಸೇರಿಸಿ, ಎಲ್ಲ ಸಡಿಲವಾಗುವುದು ಆವಾಗಲೇ.

ಆಡಳಿತದವರಿಗೆ "ಆಗುವುದಿಲ್ಲ" ಅನ್ನಬೇಡಿ, ಬೇರೆ ಲೆಕ್ಕ ಕೊಡಿ. ಮೊದಲ ತಿಂಗಳು ಎಲ್ಲ ವಾರ್ಡ್‌ನಲ್ಲಿ ಹ್ಯಾಂಡೋವರ್, ಜೊತೆಗೆ ರಿಜಿಸ್ಟರ್ ಕಡಿತ. ಎರಡನೇ ತಿಂಗಳು ಒಂದು ವಾರ್ಡ್‌ನಲ್ಲಿ ಕಂಪ್ಯೂಟರ್. ಅಲ್ಲಿ ಕಂಡ ತೊಂದರೆ ಸರಿಯಾದ ಮೇಲೆ ಉಳಿದವು. ಮೊದಲ ತಿಂಗಳಲ್ಲೇ ತೋರಿಸಲು ಅವರಿಗೆ ಏನಾದರೂ ಸಿಗುತ್ತದೆ, ಅಷ್ಟಾದರೆ ಸಾಮಾನ್ಯವಾಗಿ ಒಪ್ಪುತ್ತಾರೆ.

ಕೊನೆಗೆ ಆ ಇನ್‌ಚಾರ್ಜ್ ಸಿಸ್ಟರ್ ವಿಷಯ. ಅವರನ್ನು ಸಭೆಯಲ್ಲಿ ಕೇಳಬೇಡಿ, ಚಹಾ ಕುಡಿಯುವಾಗ ಒಬ್ಬರೇ ಇದ್ದಾಗ ಮಾತಾಡಿಸಿ. ಮುಟ್ಟುವುದಿಲ್ಲ ಅನ್ನುವುದರ ಹಿಂದೆ ಬಹಳ ಸಲ ಇಂಗ್ಲಿಷ್ ಟೈಪಿಂಗ್ ಭಯ ಇರುತ್ತದೆ, ಕಣ್ಣಿನ ತೊಂದರೆ ಇರುತ್ತದೆ, ಕಿರಿಯರ ಮುಂದೆ ತಡವರಿಸುವ ಮುಜುಗರ ಇರುತ್ತದೆ. ಅಕ್ಷರ ದೊಡ್ಡದು ಮಾಡಿಸಿ, ಟೈಪ್ ಮಾಡುವ ಬದಲು ಆರಿಸುವ ಪಟ್ಟಿ ಹಾಕಿಸಿ, ಯಾರೂ ಇಲ್ಲದಾಗ ಕಲಿಯಲು ಒಂದು ಕೋಣೆ ಕೊಡಿ. ಸ್ಟಾಕ್, ಸೆನ್ಸಸ್ ಎಂಟ್ರಿಯಿಂದ ಅವರಿಗೆ ವಿನಾಯಿತಿ ಕೊಟ್ಟರೂ ನಡೆಯುತ್ತದೆ. ಔಷಧಿ ದಾಖಲೆಯಲ್ಲಿ ಮಾತ್ರ ಬೇಡ. ಒಂದೇ ವಾರ್ಡ್‌ನಲ್ಲಿ ಒಬ್ಬರು ಕಾಗದದಲ್ಲಿ, ಉಳಿದವರು ಪರದೆಯಲ್ಲಿ ಔಷಧಿ ಬರೆದರೆ ಅದೇ ಡೋಸ್ ಎರಡು ಸಲ ಹೋಗುತ್ತದೆ. ಅಷ್ಟೆಲ್ಲ ಮಾಡಿಯೂ ಅವರು ಒಪ್ಪದಿದ್ದರೆ ಔಷಧಿ ಕೊಡುವ ಕೆಲಸದಿಂದ ಬಿಡಿಸಿ, ಇಡೀ ಆಸ್ಪತ್ರೆಯ ಹ್ಯಾಂಡೋವರ್ ನೋಡಿಕೊಳ್ಳುವ ಹೊಣೆ ಕೊಡಿ. ನೀವು ಬರೆದದ್ದನ್ನು ನೋಡಿದರೆ, ಬಹುಶಃ ನಿಮಗೆ ಅದನ್ನು ಕಲಿಸಿದವರೂ ಅವರೇ ಇರಬೇಕು.